ಹೆರಿಗೆ ಕ್ಲಾಸಿನ ಕಾರ್ಡು

ಮೊನ್ನೆ ನನ್ನ ಮೊಮ್ಮಗಳು ರೇಷ್ಮಾ ಒಂದು ನುಣುಪು ಕಾಗದ ತಂದು ನನ್ನ ಮಡಿಲಲ್ಲಿಟ್ಟಳು. ಅವಳೀಗ ಆರು ತಿಂಗಳ ಬಸುರಿ. ಮೈಸೂರಿನಲ್ಲಿ ಬಸುರಿಯರಿಗಾಗಿ ಕ್ಲಾಸು ನಡೆಸುತ್ತಾರಂತೆ, ಆರು ಶನಿವಾರ. ಉಸಿರಾಡುವುದು ಹೇಗೆ, ಬೆನ್ನು ಹಿಡಿದರೆ ಕೂರುವುದು ಹೇಗೆ, ಆ ಹೊತ್ತು ಬಂದಾಗ ಏನೇನಾಗುತ್ತದೆ, ಎಲ್ಲ ಹೇಳಿಕೊಡುತ್ತಾರಂತೆ. ಗಂಡಂದಿರೂ ಬರಬೇಕಂತೆ. ಕಾಗದದ ಮೇಲೆ ಒಬ್ಬ ಹುಡುಗಿ ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ನಗುತ್ತಿದ್ದಳು.

"ತಾಯಿ, ಸೇರ್ಲಾ ಬೇಡ್ವಾ? ನೀವೇ ಹೇಳಿ," ಎಂದಳು ರೇಷ್ಮಾ. ನಮ್ಮ ಕೊಡವರಲ್ಲಿ ಅಜ್ಜಿಯನ್ನು ತಾಯಿ ಎನ್ನುತ್ತೇವೆ.

ನಾನು ಬಾಯಿ ತೆಗೆಯುವ ಮೊದಲೇ ಅವಳ ಅಮ್ಮ, ಅಂದರೆ ನನ್ನ ಮಗಳು ಪೊನ್ನು, ಅಡುಗೆಮನೆಯಿಂದ ಹೇಳಿದಳು: "ಹೆರೋದಕ್ಕೂ ಟ್ಯೂಷನ್ನಾ? ನಿನ್ನ ತಾಯಿ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಅವರು ಹೆರಲಿಲ್ವಾ?"

"ಇತ್ತು," ಎಂದೆ. ಸ್ವಲ್ಪ ಜೋರಾಗಿಯೇ ಎಂದಿರಬೇಕು, ಅಂಗಳದಲ್ಲಿ ಮಲಗಿದ್ದ ನಾಯಿ ತಲೆಯೆತ್ತಿ ನೋಡಿತು.

ಇಬ್ಬರೂ ನಂಬಲಿಲ್ಲ. ಎದ್ದು ಹೋಗಿ ನನ್ನ ಹಳೆಯ ಬಿಸ್ಕತ್ತಿನ ಡಬ್ಬ ತೆಗೆದೆ. ಲೇಸಿನ ತುಂಡುಗಳು, ಒಂದೇ ಕಿವಿಯ ಓಲೆ, ಯಜಮಾನರು ಮಾಕುಟ್ಟದ ಕಾಡಿನಿಂದ ಬರೆದ ಮೂರು ಪತ್ರಗಳು, ಎಲ್ಲದರ ಕೆಳಗೆ ಆ ಕಾರ್ಡು ಸಿಕ್ಕಿತು. ದಪ್ಪ ರಟ್ಟು, ಅಂಚು ಇಲಿ ತಿಂದಿದೆ. ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಕನ್ನಡ. ಕೆಳಗೆ ನನ್ನ ಸಹಿ, ಕಾನ್ವೆಂಟಿನ ಓರೆಯಕ್ಷರದಲ್ಲಿ. ನಟ್ಟನಡುವೆ ಒಂದು ಲೋಟದ ಬಾಯಷ್ಟು ಅಗಲದ ಕಂದು ಬಣ್ಣದ ಉಂಗುರ. ಆ ಉಂಗುರದ ಕಥೆ ಹೇಳುವುದಕ್ಕೆ ಮೊದಲು ನನ್ನ ಸಿಟ್ಟನ್ನು ಸ್ವಲ್ಪ ಹೊರಗೆ ಹಾಕಬೇಕು. ಐವತ್ತಕ್ಕೂ ಹೆಚ್ಚು ವರ್ಷ ಒಳಗಿಟ್ಟುಕೊಂಡಿದ್ದೇನೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಸಿಟ್ಟು ಒಳಗಿರುವುದು ಬ್ಲಡ್ ಪ್ರೆಷರಿಗೆ ಒಳ್ಳೆಯದಲ್ಲ ಎಂದು ಡಾಕ್ಟರೂ ಹೇಳಿದ್ದಾರೆ.

ಮೊದಲ ಸಿಟ್ಟು ನನ್ನ ಸಿಸ್ಟರುಗಳ ಮೇಲೆ. ಘಟ್ಟದ ಕೆಳಗಿನ ಒಂದು ಕಾನ್ವೆಂಟಿನಲ್ಲಿ ನಾನು ಒಂಬತ್ತು ವರ್ಷ ಓದಿದೆ. ಹೆಸರು ಬೇಡ, ಅವರ ಋಣವೂ ನನ್ನ ಮೇಲಿದೆ. ದೇಚಮ್ಮ ಎನ್ನಲು ಅವರ ನಾಲಿಗೆ ಹೊರಳದೆ ನಾನು ಡೇಸಿ ಆದೆ. ಡೇಸಿ ಹೂವನ್ನು ಇಂದಿಗೂ ಕಣ್ಣಿಂದ ಕಂಡವಳಲ್ಲ. ಆದರೆ ಅದರ ಸೆಪಲ್, ಪೆಟಲ್, ಸ್ಟೇಮನ್, ಪಿಸ್ಟಿಲ್ ಎಲ್ಲವನ್ನೂ ಬಣ್ಣ ಹಚ್ಚಿ ಬರೆಯಬಲ್ಲೆ. ಹೂವಿನ ಸಂಸಾರವನ್ನು ಅಷ್ಟು ಚೆನ್ನಾಗಿ ಕಲಿಸಿದ ಸಿಸ್ಟರುಗಳು ಮನುಷ್ಯರ ಸರದಿ ಬಂದಾಗ ಸೂಜಿದಾರ ಕೈಗೆತ್ತಿಕೊಂಡರು. ಮಾತಿಗೆ ಹೇಳುತ್ತಿಲ್ಲ. ನಮ್ಮ ಹೈಜೀನ್ ಪುಸ್ತಕದ ಹನ್ನೊಂದನೆಯ ಅಧ್ಯಾಯವನ್ನು ಪ್ರತಿಯೊಂದು ಪುಸ್ತಕದಲ್ಲೂ ಕರಿ ದಾರದಿಂದ ಹೊಲಿದಿದ್ದರು. ಹೊಲಿಗೆ ಅಚ್ಚುಕಟ್ಟಾಗಿತ್ತು, ನೀಡಲ್‌ವರ್ಕ್ ಕಲಿಸಿದವರೂ ಅವರೇ ತಾನೆ. ನಾವು ಹುಡುಗಿಯರು ಆ ಹಾಳೆಗಳನ್ನು ಕೊಳವೆಯ ಹಾಗೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದು ಇಣುಕುತ್ತಿದ್ದೆವು. ಅರ್ಧ ಚಿತ್ರವೊಂದು ಕಾಣುತ್ತಿತ್ತು. ಎರಡು ವರ್ಷ ಆ ಅರ್ಧ ಚಿತ್ರದ ಬಗ್ಗೆ ಏನೇನೋ ಪಿಸುಗುಟ್ಟಿ, ನಾಚಿ, ಒಬ್ಬರನ್ನೊಬ್ಬರು ಚಿವುಟಿಕೊಂಡೆವು. ಆಮೇಲೆ ಗೊತ್ತಾಯಿತು, ಅದು ಕಿಡ್ನಿ.

ಎರಡನೆಯ ಸಿಟ್ಟು ದೊಡ್ಡದು. ನನಗೆ ಮೂರು ವರ್ಷ ಹಿರಿಯಳಾದ ಅಕ್ಕ ಒಬ್ಬಳಿದ್ದಳು. ಪೊನ್ನಮ್ಮ. ನಾನು ಪೊನ್ನಕ್ಕ ಎನ್ನುತ್ತಿದ್ದೆ. ಕಾನ್ವೆಂಟಿಗೆ ಹೋಗಲೊಲ್ಲೆ ಎಂದು ಹಠ ಹಿಡಿದು ಶ್ರೀಮಂಗಲದ ನಮ್ಮ ಮನೆಯಲ್ಲೇ ಉಳಿದವಳು. ಮರ ಹತ್ತಿ ಮೆಣಸು ಕುಯ್ಯುತ್ತಿದ್ದಳು, ಸಿಳ್ಳೆ ಹಾಕುತ್ತಿದ್ದಳು, ರಜೆಗೆ ಬಂದ ನನ್ನ ಇಂಗ್ಲಿಷನ್ನು ಕೋಳಿಗಳ ಮುಂದೆ ಅಣಕಿಸುತ್ತಿದ್ದಳು. ಮದುವೆಯಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಒಂಬತ್ತನೆಯ ದಿನ ತೀರಿಕೊಂಡಳು. ಮಗು ಎರಡು ದಿನ ಮೊದಲೇ ಹೋಗಿತ್ತು. ನಾನಾಗ ಮೆಟ್ರಿಕ್ಯುಲೇಷನ್ನಿನಲ್ಲಿದ್ದೆ. ಮದರ್ ಸುಪೀರಿಯರ್ ಕರೆದು, ನನ್ನ ತಲೆಯ ಮೇಲೆ ಕೈಯಿಟ್ಟು ವಿಷಯ ಹೇಳಿ, ಮನಸ್ಸಿಗೆ ಸಮಾಧಾನವಾಗಲಿ ಎಂದು ಅಂಚು ಮಡಚಿ ಹೆಮ್ ಹಾಕಲು ಒಂದು ಬಿಳಿ ಬಟ್ಟೆ ಕೊಟ್ಟರು.

ರಜೆಗೆ ಮನೆಗೆ ಬಂದಾಗ ಕೇಳಿದೆ. "ಪೊನ್ನಕ್ಕನಿಗೆ ಏನಾಯಿತು?" ಅವ್ವ, "ಜ್ವರ ಬಂತು," ಎಂದಳು. "ಯಾಕೆ ಬಂತು?" ಎಂದರೆ ಎದ್ದು ಹೋದಳು. ಅಪ್ಪ ಕೆಮ್ಮಿದರು. ಅಕ್ಕ ಮಲಗಿದ್ದ ಕೋಣೆಯಲ್ಲಿ ಕರಿಮೆಣಸಿನ ಮೂಟೆಗಳನ್ನು ಛಾವಣಿಯವರೆಗೆ ಒಟ್ಟಿದ್ದರು. ನೀವೇ ಹೇಳಿ, ಒಂದು ಹುಡುಗಿ ಸತ್ತರೆ ಯಾಕೆ ಸತ್ತಳು ಎಂದು ಅವಳ ತಂಗಿಗೆ ಹೇಳುವಷ್ಟೂ ಭಾಷೆ ನಮ್ಮ ಮನೆಯಲ್ಲಿ ಇರಲಿಲ್ಲವೆ? ನಮ್ಮ ಮನೆಯಲ್ಲಿ ಕೊಡವ, ಕನ್ನಡ, ಮಲಯಾಳ, ನನ್ನ ಇಂಗ್ಲಿಷು ಸೇರಿ ನಾಲ್ಕು ಭಾಷೆಗಳಿದ್ದವು.

ಎರಡು ವರ್ಷದ ಮೇಲೆ ನನ್ನನ್ನು ಬಿಟ್ಟಂಗಾಲದ ಹತ್ತಿರದ ಒಂದು ಮನೆಗೆ ಕೊಟ್ಟರು. ಯಜಮಾನರು ಬೆಳ್ಯಪ್ಪ, ಮಾಕುಟ್ಟದಲ್ಲಿ ಫಾರೆಸ್ಟ್ ರೇಂಜರ್. ಶನಿವಾರ ಬಂದು ಸೋಮವಾರ ಹೋಗುವ ಗಂಡ. ಮನೆ ನಡೆಸುತ್ತಿದ್ದವರು ನನ್ನ ಅತ್ತೆ. ನಾವು ಅತ್ತೆಯನ್ನು ಮಾವಿ ಎನ್ನುತ್ತೇವೆ. ಮಾವಿ ಎಂದರೆ ಎತ್ತರದ ಆಳು, ಗಟ್ಟಿ ದನಿ, ಬೇಟೆನಾಯಿಗಳೂ ಅವರ ಮಾತು ಕೇಳುತ್ತಿದ್ದವು. ನಾನು ಬಸುರಿಯಾದಾಗ ಹೇಳಿಬಿಟ್ಟೆ, ಹೆರಿಗೆಗೆ ಶ್ರೀಮಂಗಲಕ್ಕೆ ಹೋಗುವುದಿಲ್ಲ, ಆ ಮೆಣಸಿನ ಮೂಟೆಗಳ ಕೋಣೆಯಲ್ಲಿ ನಾನು ಮಲಗುವುದಿಲ್ಲ ಎಂದು. ಚೊಚ್ಚಲಿಗೆ ತವರಿಗೆ ಹೋಗದ ಹೆಣ್ಣನ್ನು ಊರು ಕಂಡಿರಲಿಲ್ಲ. ಮಾವಿ ಮಾತ್ರ, "ಇರಲಿ, ಇಲ್ಲೂ ಗೋಡೆ ಚಾವಣಿ ಇದೆ," ಎಂದು ಮಾತು ಮುಗಿಸಿದರು. ಅವ್ವನೇ ಇಲ್ಲಿಗೆ ಬರುವುದೆಂದಾಯಿತು.

ಹಗಲೆಲ್ಲ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದೇ ಲೆಕ್ಕ ಹಾಕುತ್ತಿದ್ದೆ. ಪೊನ್ನಕ್ಕ ಗಟ್ಟಿಗಿತ್ತಿ, ಮರ ಹತ್ತುವವಳು, ಅವಳೇ ಹೋದಳು. ಹೆಮ್ ಹಾಕುವುದಷ್ಟೇ ಗೊತ್ತಿರುವ ನಾನು ಉಳಿಯುತ್ತೇನೆಯೆ? ಯಾವುದರಿಂದ ಉಳಿಯಬೇಕು ಎಂದಾದರೂ ಗೊತ್ತಿದ್ದರೆ ಪ್ರಯತ್ನ ಮಾಡಬಹುದಿತ್ತು.

ಆಗಲೇ ಕ್ಲಾಸಿನ ಸುದ್ದಿ ಬಂದದ್ದು. ಎರಡನೆಯ ಮಹಾಯುದ್ಧದ ಕಾಲ. ಸಕ್ಕರೆ ಸೀಮೆಎಣ್ಣೆಗೆ ರೇಷನ್ನು. ವಿರಾಜಪೇಟೆಯಲ್ಲಿ ಒಂದು ಹಳೆಯ ಬಂಗಲೆಯ ವರಾಂಡದಲ್ಲಿ ಮಿಸೆಸ್ ಲಾಟನ್ ಎಂಬ ಪ್ಲಾಂಟರ್ ದೊರೆಸಾನಿ ಮಂಗಳವಾರ ಮಂಗಳವಾರ ಮದರ್‌ಕ್ರಾಫ್ಟ್, ಅಂದರೆ ತಾಯ್ತನ ಕಲಿಸುವ ಕ್ಲಾಸು ನಡೆಸುತ್ತಾರಂತೆ, ಬಸುರಿಯರು ಯಾರು ಬೇಕಾದರೂ ಬರಬಹುದಂತೆ ಎಂದು ಯಜಮಾನರು ಹೇಳಿದರು.

"ಹೋಗ್ಲಾ?" ಎಂದೆ.

"ನಿನ್ನ ಇಷ್ಟ. ಆದ್ರೆ ನಮ್ಮವ್ವನ್ನ ಕೇಳು," ಎಂದರು. ಈ ಒಂದು ವಾಕ್ಯದಲ್ಲೇ ನಲವತ್ತು ವರ್ಷ ಸಂಸಾರ ಮಾಡಿದ ಮನುಷ್ಯ. ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು: "ಅಲ್ಲ, ಕಾಡಿನಲ್ಲಿ ಆನೆಗೆ ಯಾರು ಕ್ಲಾಸ್ ಮಾಡ್ತಾರೆ?"

"ಹೆಣ್ಣಾನೆ ಹೆರುವಾಗ ನಾಲ್ಕು ಹಿರಿಯ ಆನೆಗಳು ಸುತ್ತ ನಿಂತುಕೊಳ್ತವೆ ಅಂತ ನೀವೇ ಹೇಳಿದ್ದು. ಅವು ಏನೋ ಹೇಳಿಕೊಡ್ತಾ ಇರಬೇಕು. ನನಗೆ ಯಾರೂ ಹೇಳ್ತಿಲ್ಲ," ಎಂದೆ. ಅವರು ಬೂಟಿಗೆ ಪಾಲಿಶ್ ಹಾಕಲು ಹೋದರು.

ಮಾವಿ ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ.

"ನಾನು ಆರು ಹೆತ್ತಿದ್ದೇನೆ ಮೂಡಿ. ಯಾವ ಕ್ಲಾಸಿಗೂ ಹೋಗಿಲ್ಲ."

ಮೂಡಿ ಎಂದರೆ ಹುಡುಗಿ. ನನಗೂ ಬಾಯಿ ಇತ್ತು. "ಆರರಲ್ಲಿ ಮೂರು ಉಳಿದವು ಮಾವಿ," ಎಂದುಬಿಟ್ಟೆ.

ಮೊರದ ಮೇಲೆ ಅವರ ಕೈ ಒಂದು ಕ್ಷಣ ನಿಂತಿತು. "ಉಳಿದದ್ದರಲ್ಲಿ ಒಂದನ್ನು ತಾನೆ ನಿನಗೆ ಕಟ್ಟಿದ್ದು. ಅದಕ್ಕೇ ಇಷ್ಟು ಮಾತಾಡ್ತಿ," ಎಂದರು. ಮತ್ತೆ ಅಕ್ಕಿ ಆರಿಸುತ್ತ, "ಹೋಗು. ಆ ದೊರೆಸಾನಿಗೆ ಮಕ್ಕಳೆಷ್ಟು ಅಂತ ಮೊದಲು ಕೇಳು," ಎಂದರು.

ಮಿಸೆಸ್ ಲಾಟನ್‌ಗೆ ಮಕ್ಕಳಿರಲಿಲ್ಲ. ಮೂರು ನಾಯಿಗಳಿದ್ದವು.

ಹೀಗೆ ನಾನು ಐದು ಮಂಗಳವಾರ ಇದ್ದಿಲಿನ ಬಸ್ಸಿನಲ್ಲಿ ವಿರಾಜಪೇಟೆಗೆ ಹೋದೆ. ಆ ಕಾಲದ ಬಸ್ಸು, ಪೆಟ್ರೋಲಿಲ್ಲದೆ ಹಿಂದೆ ಒಂದು ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಅದರ ಮೇಲಿನ ಮರ್ಯಾದೆಗೆ. ಏರು ಬಂದರೆ ಎಲ್ಲರೂ ಇಳಿಯಬೇಕು. ಏಳು ತಿಂಗಳ ಬಸುರಿ ನಾನು, ಕಂಡಕ್ಟರ್ ಬಂದು, "ಅಮ್ಮಾ, ನೀವು ಇಳೀರಿ, ಇಬ್ಬರ ಭಾರ ಇದೆ," ಎನ್ನುತ್ತಿದ್ದ.

ಕ್ಲಾಸಿಗೆ ಏಳೆಂಟು ಹೆಂಗಸರು ಬರುತ್ತಿದ್ದರು. ಹೋದವರಿಗೆಲ್ಲ ಒಂದೊಂದು ಕೆಂಪು ಕಾರ್ಬಾಲಿಕ್ ಸೋಪು ಕೊಡುತ್ತಿದ್ದರು, ಬಹಳ ಜನ ಬಂದದ್ದು ಅದಕ್ಕೇ. ನನಗೆ ಇಂಗ್ಲಿಷ್ ಬರುತ್ತದೆಂದು ತಿಳಿದದ್ದೇ ಮಿಸೆಸ್ ಲಾಟನ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಕಲಿಯಲು ಹೋದವಳು ದುಭಾಷಿಯಾದೆ. ಅವರು ಒಂದು ವಾಕ್ಯ ಹೇಳುವುದು, ನಾನು ಕನ್ನಡ ಮಾಡುವುದು. ಮೇಜಿನ ಮೇಲೆ ನೀಲಿ ಕಣ್ಣಿನ ಒಂದು ಸೆಲ್ಯುಲಾಯ್ಡ್ ಬೊಂಬೆ. ಅದಕ್ಕೆ ಸ್ನಾನ ಮಾಡಿಸಿದೆವು, ಒರೆಸಿದೆವು, ಪೌಡರ್ ಹಾಕಿದೆವು, ಗಡಿಯಾರ ನೋಡಿ ಹಾಲು ಕುಡಿಸಿದೆವು.

ಐದು ಮಕ್ಕಳ ತಾಯಿ ಬೀಪಾತುಮ್ಮ ಮುಂದಿನ ಸಾಲಿನಲ್ಲಿ ಕೂತು ಬೊಂಬೆಯನ್ನೇ ನೋಡುತ್ತಿದ್ದಳು. "ಇದು ಅಳಲ್ಲ, ಒದೆಯಲ್ಲ, ಉಚ್ಚೆ ಹೊಯ್ಯಲ್ಲ. ಇಂಥದ್ದು ಸಿಗೋದಾದ್ರೆ ನಾನಿನ್ನೂ ಹತ್ತು ಹೆರ್ತೇನೆ ಅಂತ ಹೇಳಮ್ಮ ದೊರೆಸಾನಿಗೆ," ಎಂದಳು.

"ವಾಟ್ ಡಸ್ ಶೀ ಸೇ, ಡಿಯರ್?"

"ಬೊಂಬೆ ಚೆನ್ನಾಗಿದೆ ಅಂತಾಳೆ, ಮೇಡಮ್," ಎಂದೆ.

ಮೂರನೆಯ ಮಂಗಳವಾರ ಧೈರ್ಯ ಮಾಡಿದೆ. ನನ್ನ ಉತ್ತಮ ಇಂಗ್ಲಿಷಿನಲ್ಲಿ, ಗ್ರಾಮರ್ ತಪ್ಪದೆ, ಕೇಳಿದೆ: ಮಗು ಹೊರಗೆ ಬರುವುದು ಹೇಗೆ, ಆ ಹೊತ್ತಿಗೆ ನಾನು ಮಾಡಬೇಕಾದ್ದೇನು? ಮಿಸೆಸ್ ಲಾಟನ್ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾದರು. "ವಿ ಶಲ್ ಕಮ್ ಟು ದಟ್, ಮೈ ಡಿಯರ್," ಅದಕ್ಕೆ ಆಮೇಲೆ ಬರೋಣ, ಎಂದರು. ಬರಲಿಲ್ಲ. ಕೊನೆಯ ಮಂಗಳವಾರ ಟೀ, ಕೇಕು, ಒಂದು ಭಾಷಣ. ಬೊಂಬೆಯನ್ನು ಮಸ್ಲಿನ್ನಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಹೆರಿಗೆಯ ಕ್ಲಾಸಿನಲ್ಲಿ ಹೆರಿಗೆಯೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದರು. ಸಿಸ್ಟರುಗಳ ಕರಿ ದಾರ ಇಲ್ಲಿಗೂ ಬಂದಿತ್ತು.

ಆದರೆ ನ್ಯಾಯವಾಗಿ ಹೇಳಬೇಕು. ನಾಲ್ಕನೆಯ ಮಂಗಳವಾರ ಒಂದು ಮಾತು ಹೇಳಿದ್ದರು. ಬಾಣಂತಿಯನ್ನು ಮುಟ್ಟುವ ಕೈ ಕೊಳೆಯಿದ್ದರೆ ಆ ಕೊಳೆ ಒಳಗೆ ಸೇರಿ ನಂಜಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಜ್ವರ ಏರುತ್ತದೆ, ವಾರ ಹತ್ತು ದಿನದೊಳಗೆ ತಾಯಿ ಹೋಗುತ್ತಾಳೆ. ಅವರು ಹೇಳುತ್ತಾ ಹೋದರು, ನಾನು ಕನ್ನಡ ಮಾಡುತ್ತಾ ಹೋದೆ. "ಕೈ ಕೊಳೆಯಿದ್ದರೆ" ಎಂದೆ. "ಜ್ವರ ಏರುತ್ತದೆ" ಎಂದೆ. ಅಲ್ಲಿಗೆ ನಿಂತುಹೋಯಿತು. ವರಾಂಡದಾಚೆ ಬೇಲಿಯ ಮೇಲೆ ಯಾರದೋ ಸೀರೆ ಒಣಗುತ್ತಿತ್ತು. ಅದನ್ನೇ ನೋಡುತ್ತಾ ನಿಂತೆ.

"ಮುಂದೆ ಹೇಳಮ್ಮಾ," ಎಂದಳು ಬೀಪಾತುಮ್ಮ.

ಕೊನೆಯ ದಿನ ಕಾರ್ಡು ಕೊಟ್ಟರು. ಕೈಗೆ ಸೋಪು ಹಾಕಿ ಮೊಣಕೈಯವರೆಗೆ ತೊಳೆಯಬೇಕು, ಉಗುರು ಕತ್ತರಿಸಬೇಕು, ಹೊಕ್ಕುಳು ಕೊಯ್ಯುವ ಅಲಗನ್ನೂ ದಾರವನ್ನೂ ಕುದಿಸಬೇಕು, ನರ್ಸಿಗೆ ಹೇಳಿಕಳಿಸಬೇಕು. ಎಲ್ಲಕ್ಕೂ ಕೆಳಗೆ, ತರಬೇತಿಯಿಲ್ಲದ ಸೂಲಗಿತ್ತಿಯನ್ನು ಕರೆಯುವುದಿಲ್ಲ ಎಂಬ ಮಾತು. ಅದಕ್ಕೆ ಸಹಿ. ನಾನು ಸಹಿ ಹಾಕಿದೆ. ಕಾನ್ವೆಂಟಿನಲ್ಲಿ ಕಲಿತವಳ ಸಹಿ ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ಸತ್ತ ಮೇಲೂ ಯಾರೋ ಅದನ್ನು ತೆಗೆದು ಓದುತ್ತಾರೆ ಎಂದು ನಾವು ನಂಬಿದ್ದೆವು.

ಮನೆಗೆ ಬಂದು ಕಾರ್ಡನ್ನು ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿದೆ. ಸೋಪನ್ನು ಮಾವಿ ಮೂಸಿ ನೋಡಿ, "ನಾಯಿಗೆ ಒಳ್ಳೇದು, ಉಣ್ಣಿ ಹುಳ ಸಾಯ್ತದೆ," ಎಂದು ಬೇಟೆನಾಯಿಗಳನ್ನು ತೊಳೆಯುವ ಕಲ್ಲಿನ ಮೇಲಿಟ್ಟರು. ಅಷ್ಟು ಹೊತ್ತಿಗೆ ಅವ್ವನೂ ಶ್ರೀಮಂಗಲದಿಂದ ಬಂದಿದ್ದಳು. ಇಬ್ಬರನ್ನೂ ಎದುರು ಕೂರಿಸಿಕೊಂಡು ಕಾರ್ಡನ್ನು ಓದಿದೆ. ಓದಿದೆ ಎನ್ನುವುದಕ್ಕಿಂತ ಹೊಡೆದೆ ಎನ್ನಬೇಕು. ಯಾವಳೋ ಒಬ್ಬಳು ಕೊಳೆ ಕೈಯಲ್ಲಿ ನನ್ನ ಅಕ್ಕನನ್ನು ಮುಟ್ಟಿದ್ದಾಳೆ, ಯಾರವಳು ಎಂದು ಯಾರೂ ನನಗೆ ಹೇಳಲಿಲ್ಲ, ಅವಳಿಗೆ ಕೇಳಲಿ ಎಂಬ ಹಾಗೆ ಒಂದೊಂದು ಮಾತನ್ನೂ ಒತ್ತಿ ಓದಿದೆ.

ಅವ್ವ ಕೇಳಿದಳು: "ಗದ್ದೆಯ ಮಣ್ಣಾದ್ರೂ?"

"ಯಾವ ಮಣ್ಣಾದ್ರೂ," ಎಂದೆ.

ಅವಳು ಎದ್ದು ಅಂಗಳಕ್ಕೆ ಹೋಗಿ ಕೋಳಿಗಳಿಗೆ ನುಚ್ಚು ಹಾಕಿದಳು. ಆಗಷ್ಟೇ ಮಾವಿ ಹಾಕಿದ್ದರು. ಕೋಳಿಗಳೂ ಆಶ್ಚರ್ಯಪಟ್ಟವು. ನನಗೆ ಮಾತ್ರ ಏನೂ ಹೊಳೆಯಲಿಲ್ಲ. ಮೆಟ್ರಿಕ್ಯುಲೇಷನ್ ಪಾಸಾದ ಬುದ್ಧಿ.

ನಮ್ಮ ಊರಿನ ಸೂಲಗಿತ್ತಿ ಪೂವಕ್ಕ, ಗದ್ದೆಯಾಚೆಯ ಮನೆಯ ಅರೆಭಾಷೆ ಮಾತಾಡುವ ವಿಧವೆ. ಸಣ್ಣ ಕುಳ್ಳಗಿನ ಹೆಂಗಸು, ನಡೆದರೆ ಓಡಿದ ಹಾಗೆ. ಕಾರ್ಡಿನ ವಿಷಯ ಮಾವಿ ಅವಳಿಗೆ ಹೇಳಿದ್ದರು. ಅಂದಿನಿಂದ ಅವಳು ನಮ್ಮ ಮನೆಯ ಮುಂದೆ ಹೋಗುವಾಗ ಮುಖವನ್ನು ಕಾಫಿಗಿಡದ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ, ತೋಟವೆಲ್ಲ ಹೂ ಬಿಟ್ಟು ಗಂ ಎನ್ನುವಾಗ, ನನಗೆ ನೋವು ಶುರುವಾಯಿತು. ಯಜಮಾನರು ಮನೆಯಲ್ಲಿದ್ದರು. ಸೈಕಲ್ ಹತ್ತಿ ವಿರಾಜಪೇಟೆಗೆ ನರ್ಸಮ್ಮನನ್ನು ಕರೆತರಲು ಹೋದರು. ಪಾಪ ಆಕೆ ಇನ್ನೊಂದು ಹೆರಿಗೆಗೆ ಹೋಗಿದ್ದರು. ಯಜಮಾನರು ಅವರ ಬಾಗಿಲಲ್ಲಿ ಕಾದು ಕೂತರು. ಇಲ್ಲಿ ನಾನು, ಮಾವಿ, ಅವ್ವ.

ಯಾರೂ ಕರೆಯದಿದ್ದರೂ ಪೂವಕ್ಕ ಬಂದಳು. ಹರಳೆಣ್ಣೆ ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತಳು. ಒಳಗೆ ಬರಲಿಲ್ಲ.

"ಕಾರ್ಡಿನವ್ರು ಬರ್ಲಿ. ನಂಗೆ ಇಲ್ಲೇ ಜಾಗ ಉಟ್ಟು," ಎಂದಳು. ಅವಳ ಭಾಷೆಯಲ್ಲಿ ಉಟ್ಟು ಎಂದರೆ ಉಂಟು, ಇಲ್ಲೆ ಎಂದರೆ ಇಲ್ಲ.

ನನ್ನ ಕೋಣೆಯ ಬಾಗಿಲು ತೆರೆದಿತ್ತು, ಎಲ್ಲ ಕೇಳಿಸುತ್ತಿತ್ತು. ಒಳಗಿಂದಲೇ ಕೂಗಿದೆ: "ಬರೋದಾದ್ರೆ ಕೈ ತೊಳೆದು ಬರಲಿ. ಸೋಪು ಹಾಕಿ."

"ಈ ಕೈಲಿ ಹಿಡ್ದ ಮಕ್ಕ ಊರು ತುಂಬ ಓಡಾಡ್ತುಟ್ಟು. ನಿನ್ನ ಗಂಡನೂ ಒಬ್ಬ. ಅವಂಗೇನು ಕಮ್ಮಿಯಾಗುಟ್ಟು?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರಗಳಿದ್ದವು. ಆದರೆ ಅದೇ ಹೊತ್ತಿಗೆ ಇನ್ನೊಂದು ನೋವು ಬಂದು ಮಾತು ಕಿತ್ತುಕೊಂಡಿತು. ಅದು ಹೋದ ಮೇಲೆ ಮತ್ತೆ, "ಕೈ ತೊಳೀದೆ ಯಾರೂ ನನ್ನನ್ನ ಮುಟ್ಟಬಾರದು," ಎಂದೆ. ಸಹಿ ಹಾಕಿದ ಮಾತು ಎಂಬುದು ಆಗ ನೆನಪಿರಲಿಲ್ಲ. ಮೆಣಸಿನ ಮೂಟೆಗಳು ಕಾಣುತ್ತಿದ್ದವು.

ಪೂವಕ್ಕ ಏಳುವುದಿಲ್ಲ, ನಾನು ಬಿಡುವುದಿಲ್ಲ. ನೋವು ನಮ್ಮಿಬ್ಬರ ಜಗಳಕ್ಕೆ ಕಾಯುವುದಿಲ್ಲ. ಆಗ ಮಾವಿ ನಾಯಿ ತೊಳೆಯುವ ಕಲ್ಲಿನ ಕಡೆ ನಡೆದದ್ದು ಕಿಟಕಿಯಲ್ಲಿ ಕಾಣಿಸಿತು. ಕೆಂಪು ಸೋಪನ್ನು ಎತ್ತಿಕೊಂಡರು. ಅದಕ್ಕಂಟಿದ್ದ ನಾಯಿಕೂದಲನ್ನು ಒಂದೊಂದಾಗಿ ತೆಗೆದರು. ತೋಳು ಮೇಲಕ್ಕೆ ಮಾಡಿ, ಪೂವಕ್ಕನ ಎದುರಿಗೇ ನಿಂತು, ಮೊಣಕೈಯವರೆಗೆ ನೊರೆ ಬರಿಸಿ ಉಜ್ಜಿದರು. ಆ ಮನೆಯ ಯಜಮಾನಿ, ಯಾರ ಮಾತಿಗೂ ತಲೆ ಬಾಗಿಸದವರು.

"ನನ್ನ ಕೈಯೂ ಕೊಳೆಯೇ ಪೂವಕ್ಕ. ಬಾ, ನೀರು ಹುಯ್ತೇನೆ," ಎಂದರು.

ಪೂವಕ್ಕ ಸೆರಗಿನ ಸೀಸೆಯನ್ನು ಬಿಚ್ಚಿ ಮೆಟ್ಟಿಲ ಮೇಲಿಟ್ಟಳು. ಆಮೇಲೆ ಎದ್ದು ಕೈ ಒಡ್ಡಿದಳು. "ದೊಡ್ಡವ್ವ ನೀರು ಹುಯ್ಯೋ ದಿನ ಬಂತಲ್ಲ. ಇನ್ನು ಸತ್ರೂ ಚಿಂತೆ ಇಲ್ಲೆ," ಎಂದಳು. ಅವಳ ಉಗುರನ್ನು ಮಾವಿ ಅಡಿಕೆ ಕತ್ತರಿಯಲ್ಲಿ ಕತ್ತರಿಸಿದರು. ಅಲಗನ್ನೂ ದಾರವನ್ನೂ ಅನ್ನದ ಪಾತ್ರೆಯಲ್ಲಿ ಕುದಿಯಲು ಹಾಕಿದರು.

ಕೊನೆಗೆ ಅವ್ವ ತೊಳೆದಳು. ತೊಳೆದಳು, ತೊಳೆಯುತ್ತಲೇ ಇದ್ದಳು. ಕೊಡ ಖಾಲಿಯಾಯಿತು, ಇನ್ನೊಂದು ಕೊಡ ತಂದರು. ಪೂವಕ್ಕ, "ಸಾಕವ್ವ, ತೊಗಲು ಸುಲಿದುಹೋದೀತು," ಎಂದಳು.

ಅವ್ವ ತಲೆಯೆತ್ತದೆ ಹೇಳಿದಳು: "ಆ ದಿನ ನಾಟಿ ಗದ್ದೆಯಿಂದ ಹಾಗೇ ಓಡಿ ಬಂದಿದ್ದೆ. ಮಗು ಆಗಲೇ ಬರ್ತಾ ಇತ್ತು. ಬೇರೆ ಯಾರೂ ಇರಲಿಲ್ಲ."

ಅಷ್ಟೇ ಅಂದದ್ದು. ನಾನು ಹುಡುಕುತ್ತಿದ್ದ ಆ ಯಾವಳೋ ಒಬ್ಬಳು ಕಿಟಕಿಯಾಚೆ ಹತ್ತು ಮಾರು ದೂರದಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದಳು. ತಿಂಗಳ ಹಿಂದೆ ಅವಳನ್ನೇ ಎದುರು ಕೂರಿಸಿಕೊಂಡು ಕಾರ್ಡು ಓದಿದ್ದೆ, ಒಂದೊಂದು ಮಾತನ್ನೂ ಒತ್ತಿ.

ಆಮೇಲಿನ ನಾಲ್ಕೈದು ಗಂಟೆ ನನಗೆ ಪೂವಕ್ಕ ಪಾಠ ಮಾಡಿದಳು. ಅದು ಪಾಠ. ಗೋಡೆಗೊರಗಿ ಕೂರಿಸಿ, ಸೊಂಟಕ್ಕೆ ಎಣ್ಣೆ ತೀಡುತ್ತಾ ಹೇಳಿದಳು: "ಕುತ್ತಿಗೆ ಬಿಗಿ ಇರೋ ರವಿಕೆ ತಲೆ ಮೇಲಿಂದ ಹಾಕುವಾಗ ಸಿಕ್ಕಿಕೊಂಡ್ರೆ ಏನ್ ಮಾಡ್ತಿ? ಎಳೀತಿಯಾ? ಇಲ್ಲೆ. ಗದ್ದ ಎದೆಗೆ ಒತ್ತುತಿ, ಸ್ವಲ್ಪ ತಿರುಗ್ತಿ, ಆಗ ತಲೆ ಹೊರಗೆ ಬರ್ತದೆ. ಮಗೂಗೂ ಅಷ್ಟೇ ಕೆಲಸ. ನೀ ಹೆದರಿ ಬಿಗಿ ಹಿಡಿದ್ರೆ ರವಿಕೆ ಕುತ್ತಿಗೆ ಇನ್ನೂ ಚಿಕ್ಕದಾಗ್ತದೆ. ಈ ನೋವು ತಳ್ಳೋ ನೋವಲ್ಲ, ಬಿಡೋ ನೋವು. ತಳ್ಳೋದು ಆಮೇಲೆ ಉಟ್ಟು. ಅದು ಬಂದಾಗ ನಂಗೆ ಹೇಳಬೇಡ, ನಿಂಗೇ ಗೊತ್ತಾಗ್ತದೆ."

ಹನ್ನೊಂದನೆಯ ಅಧ್ಯಾಯದ ಹೊಲಿಗೆಯನ್ನು ಅವಳು ಒಂದೊಂದಾಗಿ ಬಿಚ್ಚುತ್ತಿದ್ದಳು. ನನಗೆ ಭಯ ಇಳಿದು, ಆ ಜಾಗಕ್ಕೆ ಮತ್ತೆ ಸಿಟ್ಟು ಬಂತು. "ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ನೀ ಕೇಳ್ಲೇ ಇಲ್ಲೆ," ಎಂದಳು. "ದೊರೆಸಾನಿಗೆ ಕೇಳಿದ್ದಿ. ನಂಗೆ ಕೇಳಿದ್ದಿಯಾ?"

ಕೇಳುವುದು ಹೇಗೆ, ಕೇಳಲು ಏನಿದೆ ಎಂದೇ ಗೊತ್ತಿಲ್ಲದವಳು? ಅವಳದು ಸರಿಯಾದ ಉತ್ತರವೆ? ಕೇಳದಿದ್ದರೆ ಹೇಳಬಾರದೆ? ಆ ಮಾತಿನ ಮೇಲೆ ನಾನು ಎಷ್ಟೋ ವರ್ಷ ಉರಿದಿದ್ದೇನೆ. ಆದರೆ ಆಗ ಉರಿಯಲು ಸಮಯವಿರಲಿಲ್ಲ, ಅವಳು ಹೇಳಿದಂತೆ ನನಗೇ ಗೊತ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು. ಗಂಡಾಗಿದ್ದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುವುದು ನಮ್ಮ ಪದ್ಧತಿ. ಕೋವಿ ಗೋಡೆಯ ಮೇಲೇ ಉಳಿಯಿತು. ಅದರ ಬಗ್ಗೆಯೂ ನನಗೆ ಸಿಟ್ಟಿದೆ, ಅದು ಇನ್ನೊಂದು ದಿನದ್ದು. ಪೂವಕ್ಕ ಬೆಲ್ಲ ಹಾಕಿ ಮೆಣಸಿನ ಕಷಾಯ ಕಾಯಿಸಿ ತಂದಳು. ಕುಡಿಯಲಾರದಷ್ಟು ಬಿಸಿ. ಮುಚ್ಚಲು ಏನಾದರೂ ಬೇಕೆಂದು ಸುತ್ತ ನೋಡಿ, ಗೋಡೆಯಿಂದ ಕಾರ್ಡನ್ನು ಕಿತ್ತು ಲೋಟದ ಮೇಲೆ ಬೋರಲು ಹಾಕಿದಳು. "ಹುಳ ಬೀಳ್ತದೆ," ಎಂದಳು. ಸಂಜೆ ಯಜಮಾನರ ಜೊತೆ ನರ್ಸಮ್ಮ ಬಂದು, ನೋಡಿ, ಹೊಕ್ಕುಳು ಯಾರು ಕಟ್ಟಿದ್ದು ಎಂದು ಕೇಳಿ, "ಚೆನ್ನಾಗಿ ಕಟ್ಟಿದ್ದೀರಿ," ಎಂದರು. ಪೂವಕ್ಕ ಮುಖವನ್ನು ಕಾಫಿಗಿಡದ ಕಡೆ ತಿರುಗಿಸಿಕೊಂಡಳು. ಈ ಸಲ ಬೇರೆ ಕಾರಣಕ್ಕೆ.

ಆದರೆ ಹೆರಿಗೆ ಆ ಭಾನುವಾರ ಮುಗಿಯಲಿಲ್ಲ. ಅವ್ವನಿಗೂ ನನಗೂ ಇನ್ನೂ ಒಂಬತ್ತು ದಿನವಿತ್ತು. ದಿನಾ ಬೆಳಿಗ್ಗೆ ಕಲ್ಲಿನ ಹತ್ತಿರ ನೀರಿನ ಸದ್ದು ಕೇಳುತ್ತಿತ್ತು. ಆಮೇಲೆ ಅವ್ವ ಬಂದು ಕೈಯ ಹಿಂಬದಿಯನ್ನು ನನ್ನ ಹಣೆಗೆ ತಾಗಿಸುತ್ತಿದ್ದಳು. ಒಂಬತ್ತನೆಯ ದಿನ ಅವಳು ಕೆಳಗಿಟ್ಟ ಕೈಯನ್ನು ಮತ್ತೆ ಮತ್ತೆ ಹಣೆಗೆ ತಂದಳು. ಊಟಕ್ಕೂ ಏಳಲಿಲ್ಲ. ಕೈ ಒಡೆದು ಕೆಂಪಗಾಗಿತ್ತು, ಕಾರ್ಬಾಲಿಕ್ ವಾಸನೆ ಗಂ ಎನ್ನುತ್ತಿತ್ತು. ನನ್ನ ಹಣೆ ತಣ್ಣಗೇ ಇತ್ತು. ಅವಳಿಗೆ ಏನಾದರೂ ಹೇಳಬೇಕೆಂದು ಬಾಯಿ ತೆಗೆದೆ. ನಾಲ್ಕು ಭಾಷೆಯಲ್ಲೂ ಸಿಗಲಿಲ್ಲ. ಆ ಕೈಯನ್ನು ಹಿಡಿದು ಅಲ್ಲೇ ಇಟ್ಟುಕೊಂಡೆ. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವಾಗ ಹೆಸರೇನು ಎಂದು ಮಾವಿ ಕೇಳಿದರು. ಅವ್ವನ ಕಡೆ ನೋಡಿದೆ. ಅವಳು, "ಪೊನ್ನಮ್ಮ," ಎಂದಳು.

ಇಷ್ಟನ್ನೂ ಮೊನ್ನೆ ರೇಷ್ಮಾಳಿಗೆ ಹೇಳಿ ಮುಗಿಸಿ, ಕಾರ್ಡನ್ನು ಅವಳ ಕೈಗಿಟ್ಟು, ಕ್ಲಾಸಿಗೆ ಸೇರು ಎಂದೆ. ಸೇರಿ ಕೇಳು. ಹೇಳಿಕೊಡುವವಳು ಕೆಂಪಾದರೆ ಇನ್ನೊಮ್ಮೆ ಕೇಳು. ಅಲ್ಲಿ ಕೈ ತೊಳೆಯುವುದನ್ನು ಹೇಳಿಕೊಟ್ಟಾರು, ರವಿಕೆಯ ವಿಷಯ ಹೇಳದಿದ್ದರೆ ನಾನಿದ್ದೇನೆ. ಹೆಣ್ಣಿಗೆ ಹೇಳದೆ ಹೊಲಿದಿಡುವುದು ನಮ್ಮ ಕಾಲಕ್ಕೇ ಮುಗಿಯಲಿ. ಭಾಷಣ ಚೆನ್ನಾಗಿಯೇ ಬಂತು, ನನಗೇ ಮೆಚ್ಚುಗೆಯಾಯಿತು.

ಪೊನ್ನು ಯಾವಾಗಲೋ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನನ್ನ ಕಾಫಿ.

"ರೇಷ್ಮಾ ಹುಟ್ಟುವಾಗ ನಾನು ಒಳಗಿದ್ದೆ," ಎಂದಳು. "ನೀನು ಆಸ್ಪತ್ರೆ ಬೆಂಚಿನ ಮೇಲೆ ಕೂತು ಸ್ವೆಟರ್ ಹೆಣೀತಾ ಇದ್ದೆ. ಹೆದರಿ ಸಾಯ್ತಿದ್ದೆ ನಾನು. ಈ ರವಿಕೆ ಮಾತು ನನಗೆ ಯಾಕೆ ಹೇಳಲಿಲ್ಲ ಅವ್ವ? ನಿನ್ನ ಪೊನ್ನಕ್ಕನ ವಿಷಯ, ನನ್ನ ಹೆಸರಿನ ವಿಷಯ, ಒಂದನ್ನೂ ಹೇಳಲಿಲ್ಲ."

ನೀನು ಕೇಳಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಬಹಳ ಕಹಿ. ಆ ಸ್ವೆಟರ್ ನನಗೆ ಚೆನ್ನಾಗಿ ನೆನಪಿದೆ. ಹಳದಿ ಬಣ್ಣ, ಹೆಣಿಗೆ ಅಚ್ಚುಕಟ್ಟಾಗಿತ್ತು.

ಪೊನ್ನು ಕಾಫಿಯನ್ನು ಸ್ಟೂಲಿನ ಮೇಲಿಟ್ಟಳು. ಬಿಸಿ ಹೊಗೆಯಾಡುತ್ತಿತ್ತು, ನೊಣ ಸುತ್ತುತ್ತಿತ್ತು. ರೇಷ್ಮಾಳ ಕೈಯಿಂದ ಕಾರ್ಡನ್ನು ತೆಗೆದುಕೊಂಡು, ನೋಡದೆಯೇ, ಲೋಟದ ಮೇಲೆ ಮುಚ್ಚಿದಳು. ಬೆತ್ತದ ಮೋಡಾ ಎಳೆದುಕೊಂಡು ನನ್ನ ಎದುರು ಕೂತಳು.

"ಆಮೇಲೆ ಕುಡಿ," ಎಂದಳು. "ಮೊದಲಿಂದ ಹೇಳು."